ಕುದುರೆಯ ಮೈನೋವಿಗೆ ಯಾವ ಕೈ? ಮಾಲೀಸು, ಹಗುರ ಸ್ಪರ್ಶ, ಬೆನ್ನೆಲುಬಿನ ಚಿಕಿತ್ಸೆ: ಆರಿಸಿಕೊಳ್ಳುವುದು ಹೇಗೆ

ಜೀನಿನ ಪಟ್ಟಿ ಬಿಗಿಯುವಾಗ ಕುದುರೆ ಕಿವಿ ಹಿಂದಕ್ಕೆ ಒತ್ತಿ ಕಚ್ಚಲು ಬಂದರೆ ಲಾಯದಲ್ಲಿ ಕೇಳಿಬರುವ ಮಾತು ಸಾಮಾನ್ಯವಾಗಿ ಒಂದೇ: "ನಖರಾ ಮಾಡ್ತಿದೆ, ಬಿಡಿ." ನನ್ನ ತುಂಗಿಯ ಬಗ್ಗೆ ನಾನೂ ಆರು ತಿಂಗಳು ಹಾಗೇ ಅಂದುಕೊಂಡಿದ್ದೆ. ತುಂಗಿ ರೇಸ್ ಬಿಟ್ಟು ಬಂದ ಥರೋಬ್ರೆಡ್ ಹೆಣ್ಣು ಕುದುರೆ. ಪುಣೆಯಿಂದ ಮುಳಶಿ ಕಡೆ ಹೋಗುವ ದಾರಿಯಲ್ಲಿ ಒಂದು ಸಣ್ಣ ಲಾಯದಲ್ಲಿ ಇದ್ದಾಳೆ. ಒಂದು ದಿನ ಅವಳ ಬೆನ್ನಿನ ಮೇಲೆ, ಜೀನು ಕೂರುವ ಜಾಗದ ಮುಂದಿನ ಅಂಚಿನಲ್ಲಿ, ಎರಡು ಬೆರಳು ಸುಮ್ನೆ ಸವರಿದೆ. ಒತ್ತಲೇ ಇಲ್ಲ. ಅವಳ ಇಡೀ ಬೆನ್ನು ಒಮ್ಮೆಲೇ ಕೆಳಕ್ಕೆ ಕುಸಿಯಿತು. ಆರು ತಿಂಗಳಿಂದ ಅವಳು ಹೇಳುತ್ತಿದ್ದದ್ದು ನೋವು ಅಂತ ಅವತ್ತು ಗೊತ್ತಾಯಿತು.

ಆಮೇಲೆ ಶುರುವಾಯಿತು ನನ್ನ ಹುಡುಕಾಟ. ಕೇಳಿದವರೆಲ್ಲ ಒಂದೊಂದು ದಾರಿ ಹೇಳಿದರು. ಮಾಲೀಸು ಮಾಡಿಸಿ ಅಂದರು. ಸ್ಪೋರ್ಟ್ಸ್ ಮಸಾಜ್ ಮಾಡಿಸಿ ಅಂದರು. ಮಾಸ್ಟರ್‌ಸನ್ ಪದ್ಧತಿ, ಟಿ-ಟಚ್, ಆಕ್ಯುಪ್ರೆಶರ್, ಬೆನ್ನೆಲುಬು "ಕೂರಿಸುವುದು" ಹೀಗೆ ಪಟ್ಟಿ ಬೆಳೆಯಿತು. ಮೂರು ವರ್ಷದಲ್ಲಿ ಇವುಗಳಲ್ಲಿ ಕೆಲವನ್ನು ತುಂಗಿಯ ಮೇಲೆ ಮಾಡಿಸಿದ್ದೇನೆ, ಎರಡನ್ನು ನಾನೇ ಕಲಿತು ಮಾಡುತ್ತಿದ್ದೇನೆ, ಉಳಿದವನ್ನು ಬೇರೆ ಕುದುರೆಗಳ ಮೇಲೆ ಹತ್ತಿರ ನಿಂತು ನೋಡಿದ್ದೇನೆ. ಪುಣೆ, ಮುಂಬೈಯಲ್ಲಿ ಕುದುರೆ ಸಾಕಿರುವ, ಮಕ್ಕಳನ್ನು ರೈಡಿಂಗ್ ಕ್ಲಾಸಿಗೆ ಕಳಿಸುವ, ಲಾಯಗಳಲ್ಲಿ ದುಡಿಯುವ ನಮ್ಮ ಕನ್ನಡದವರಿಗೆ ಇದರಿಂದ ಸ್ವಲ್ಪ ದಾರಿ ಸಿಗಲಿ ಅಂತ ಬರೆಯುತ್ತಿದ್ದೇನೆ.

ಮೊದಲು ಡಾಕ್ಟರ್, ಆಮೇಲೆ ಕೈ

ಯಾವ ಪದ್ಧತಿ ಅನ್ನುವುದಕ್ಕಿಂತ ಮುಂಚೆ ಒಂದು ಪ್ರಶ್ನೆ ಇದೆ. ಈ ನೋವು ಎಲ್ಲಿಂದ ಬಂತು? ಕುದುರೆ ಬೇಟೆಗೆ ಸಿಗುವ ಪ್ರಾಣಿ. ನೋವನ್ನು ಬಚ್ಚಿಡುವುದು ಅದರ ರಕ್ತದಲ್ಲೇ ಇದೆ. ಬೆನ್ನು ಬಿಗಿಯಾಗಿದೆ ಅಂದರೆ ತೊಂದರೆ ಬೆನ್ನಿನಲ್ಲೇ ಇರಬೇಕೆಂದಿಲ್ಲ. ಗೊರಸು ನೋಯುತ್ತಿದ್ದರೆ ಕುದುರೆ ಭಾರವನ್ನು ಇನ್ನೊಂದು ಕಾಲಿಗೆ ಹಾಕುತ್ತದೆ, ಅದರಿಂದ ಹೆಗಲು ಬಿಗಿಯುತ್ತದೆ. ಹಲ್ಲಿನ ಅಂಚು ಚೂಪಾಗಿ ಕೆನ್ನೆಗೆ ಚುಚ್ಚುತ್ತಿದ್ದರೆ ದವಡೆ ಬಿಗಿಹಿಡಿದು ಕುತ್ತಿಗೆಯೂ ಗಟ್ಟಿಯಾಗುತ್ತದೆ. ಪಟ್ಟಿ ಬಿಗಿಯುವಾಗ ಕಚ್ಚುವ ಕುದುರೆಗೆ ಹೊಟ್ಟೆಯಲ್ಲಿ ಹುಣ್ಣು ಇರಬಹುದು. ರೇಸ್ ಕುದುರೆಗಳಲ್ಲಂತೂ ಇದು ತುಂಬಾ ಸಾಮಾನ್ಯ. ಇಂಥ ಕುದುರೆಗೆ ಎಷ್ಟು ಮಾಲೀಸು ಮಾಡಿದರೂ ಎರಡು ದಿನ ಸಡಿಲ, ಮೂರನೇ ದಿನ ಮತ್ತೆ ಅದೇ.

ತುಂಗಿಯ ವಿಷಯದಲ್ಲಿ ಕಾರಣ ಜೀನು. ರೇಸ್ ಬಿಟ್ಟ ಮೇಲೆ ಅವಳ ಹೆಗಲು ತುಂಬಿಕೊಂಡಿತ್ತು. ಆದರೆ ನಾನು ಹಳೇ ಅಳತೆಯ ಜೀನನ್ನೇ ಹಾಕುತ್ತಿದ್ದೆ. ಅದು ಹೆಗಲ ಮೂಳೆಯ ಹಿಂದೆ ಎರಡೂ ಕಡೆ ಚಿವುಟುತ್ತಿತ್ತು. ಡಾಕ್ಟರ್ ಬಂದು ಬೆನ್ನು ಮುಟ್ಟಿ, ನಡೆಸಿ, ಓಡಿಸಿ ನೋಡಿ, ಜೀನನ್ನು ಬರೀ ಬೆನ್ನಿನ ಮೇಲೆ ಇಟ್ಟು ಕೈ ತೂರಿಸಿ ತೋರಿಸಿದರು. ಮುಂಭಾಗದಲ್ಲಿ ನನ್ನ ಬೆರಳು ಒಳಗೆ ಹೋಗಲೇ ಇಲ್ಲ. ಜೀನು ಬದಲಾಯಿಸಿದೆವು. ಲಾಳ ಕಟ್ಟುವವರನ್ನು ಕರೆಸಿ, ಉದ್ದವಾಗಿದ್ದ ಗೊರಸಿನ ತುದಿ ಕತ್ತರಿಸಿ ಸರಿಮಾಡಿಸಿದೆವು. ಕಾರಣ ಹೋದರೂ ಸ್ನಾಯುಗಳು ಮಾತ್ರ ಹಳೇ ಅಭ್ಯಾಸ ಬಿಡಲಿಲ್ಲ. ಜೀನು ಕಂಡರೆ ಸಾಕು, ಬೆನ್ನು ಬಿಗಿಯಾಗುತ್ತಿತ್ತು. ಕೈಚಿಕಿತ್ಸೆಯ ಕೆಲಸ ನಿಜವಾಗಿ ಶುರುವಾಗುವುದು ಇಲ್ಲಿಂದ.

ಕೆಲವು ಹೊತ್ತಿನಲ್ಲಿ ಯಾವ ಕೈಯೂ ಬೇಡ. ಕುದುರೆಗೆ ಜ್ವರ ಇದ್ದರೆ ಬೇಡ (ಆರೋಗ್ಯವಂತ ಕುದುರೆಯ ಮೈ ಬಿಸಿ ಸುಮಾರು 37.2ರಿಂದ 38.3 ಡಿಗ್ರಿ ಸೆಲ್ಸಿಯಸ್, ನಿಂತಿರುವಾಗ ನಾಡಿಬಡಿತ ನಿಮಿಷಕ್ಕೆ 28ರಿಂದ 44). ಗೊರಸು ಬಿಸಿಯಾಗಿದ್ದರೆ, ಹೊಸದಾಗಿ ಊದಿಕೊಂಡಿದ್ದರೆ, ತೆರೆದ ಗಾಯ ಇದ್ದರೆ, ಹೊಟ್ಟೆನೋವಿನಿಂದ ಮತ್ತೆ ಮತ್ತೆ ಪಕ್ಕೆ ತಿರುಗಿ ನೋಡುತ್ತಿದ್ದರೆ ಬೇಡ. ಮಳೆಗಾಲದಲ್ಲಿ ಪುಣೆಯ ಕುದುರೆಗಳಿಗೆ ಚರ್ಮದ ಹುಳುಕಡ್ಡಿ ಬರುತ್ತದೆ. ಅದನ್ನು ಮುಟ್ಟಿದ ಕೈಯಲ್ಲೇ ಇನ್ನೊಂದು ಕುದುರೆ ಮುಟ್ಟಬಾರದು. ಎಲ್ಲಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ಕೆಲಸದ ನಡುವೆ ಕುದುರೆ ಇದ್ದಕ್ಕಿದ್ದಂತೆ ನಿಂತು ಬೆವರಿ, ಹಿಂಭಾಗದ ಸ್ನಾಯು ಕಲ್ಲಿನಂತೆ ಗಟ್ಟಿಯಾಗಿ, ಮೂತ್ರ ಕಾಫಿ ಬಣ್ಣಕ್ಕೆ ತಿರುಗಿದರೆ ಅದು ಸ್ನಾಯುಗಳೇ ಒಡೆಯುತ್ತಿರುವ ಕಾಯಿಲೆ. "ಬಿಗಿದಿದೆ, ತಿಕ್ಕೋಣ" ಅಂತ ಯಾರಾದರೂ ಬಂದರೆ ತಡೆಯಿರಿ. ನಡೆಸಲೂ ಬೇಡಿ. ನಿಂತಲ್ಲೇ ನಿಲ್ಲಿಸಿ ಡಾಕ್ಟರಿಗೆ ಫೋನ್ ಮಾಡಿ.

ಸಾಯಿಸರ ಮಾಲೀಸು

ನಮ್ಮ ಲಾಯಗಳಲ್ಲಿ ಕುದುರೆಗೆ ದಿನಾ ಸಿಗುವ ಕೈ ಸಾಯಿಸರದ್ದು, ಅಂದರೆ ಕುದುರೆ ನೋಡಿಕೊಳ್ಳುವ ಕೆಲಸದವರದ್ದು. ಬೆಳಗ್ಗೆ ಖರಾರಾ ಅಂದರೆ ಬ್ರಷ್ಷಿನಿಂದ ಮೈ ಉಜ್ಜುವುದು, ಕೆಲಸ ಮುಗಿದ ಮೇಲೆ ಅಂಗೈ ಮತ್ತು ಮುಂಗೈಯಿಂದ ಜೋರಾಗಿ ತಿಕ್ಕುವುದು, ಕೆಲವರು ಒಣಹುಲ್ಲಿನ ಗಂಟು ಕಟ್ಟಿ ಅದರಿಂದ ತಟ್ಟಿ ಉಜ್ಜುವುದು. ಕುದುರೆ ಪಡೆಯ ಕಾಲದಿಂದ ಬಂದ ರೂಢಿ ಇದು. ರಕ್ತ ಓಡಾಡುತ್ತದೆ, ಮೈ ಹೊಳೆಯುತ್ತದೆ, ಬೆವರಿದ ಮೈ ಆರುತ್ತದೆ. ಇನ್ನೂ ದೊಡ್ಡ ಲಾಭ ಒಂದಿದೆ. ದಿನಾ ಇಡೀ ಮೈ ಮುಟ್ಟುವ ಕೈಗೆ ನಿನ್ನೆ ಇಲ್ಲದ ಬಿಸಿ, ನಿನ್ನೆ ಇಲ್ಲದ ಗಂಟು ತಕ್ಷಣ ಗೊತ್ತಾಗುತ್ತದೆ. ತಿಂಗಳಿಗೊಮ್ಮೆ ಬರುವ ಎಷ್ಟೇ ದೊಡ್ಡ ಪರಿಣತರಿಗೂ ಇದು ಸಿಗುವುದಿಲ್ಲ.

ತೊಂದರೆ ಇರುವುದು ಜೋರಿನಲ್ಲಿ. ಆರೋಗ್ಯವಾಗಿರುವ, ದಣಿದ ಕುದುರೆಗೆ ಜೋರಾದ ಮಾಲೀಸು ಹಿತ. ನೋಯುತ್ತಿರುವ ಕುದುರೆಗೆ ಅದೇ ಕೈ ಗಾಯದ ಮೇಲೆ ಬರೆ ಎಳೆದ ಹಾಗೆ. ನಾನು ಡಾಕ್ಟರನ್ನು ಕರೆಸುವ ಮುಂಚೆ ಮಾಡಿದ ತಪ್ಪು ಇದೇ. ಗಟ್ಟಿ ಕೈ ಅಂತ ಹೆಸರಾದ ಒಬ್ಬರನ್ನು ಕರೆಸಿದೆ. ಅವರು ಮುಕ್ಕಾಲು ಗಂಟೆ ಮೊಣಕೈ ಊರಿ ತುಂಗಿಯ ಬೆನ್ನು ಅದುಮಿದರು. ತುಂಗಿ ಮೊದಲು ಬಾಲ ಬೀಸಿದಳು, ಆಮೇಲೆ ಕಾಲು ಎತ್ತಿ ಬೆದರಿಸಿದಳು, ಆಮೇಲೆ ಸುಮ್ಮನಾದಳು. "ನೋಡಿ, ಸಡಿಲ ಆಯ್ತು" ಅಂದರು. ಹಗ್ಗ ಹಿಡಿದು ನಿಂತಿದ್ದ ನಾನೂ ನಂಬಿದೆ. ಮಾರನೇ ದಿನ ಬೆನ್ನು ಊದಿತ್ತು. ನಾಲ್ಕು ದಿನ ಬ್ರಷ್ ಕೂಡ ಮುಟ್ಟಿಸಿಕೊಳ್ಳಲಿಲ್ಲ. ಅವಳು ಸುಮ್ಮನಾದದ್ದು ಹೇಳಿ ಪ್ರಯೋಜನವಿಲ್ಲ ಅಂತ. ಸಡಿಲವಾದ ಕುದುರೆಗೂ ಸೋತು ಸುಮ್ಮನಾದ ಕುದುರೆಗೂ ಇರುವ ವ್ಯತ್ಯಾಸ ಕಲಿಯಲು ನನಗೆ ಅವಳ ನೋವೇ ಬೇಕಾಯಿತು.

ಆ ವ್ಯತ್ಯಾಸ ಮುಖದಲ್ಲಿ ಕಾಣುತ್ತದೆ. 2014ರಲ್ಲಿ ಸಂಶೋಧಕರು ಕುದುರೆಯ ಮುಖದಲ್ಲಿ ನೋವು ಗುರುತಿಸುವ ಒಂದು ಅಳತೆಪಟ್ಟಿ ಮಾಡಿದರು. ಅದರಲ್ಲಿ ಆರು ಗುರುತುಗಳಿವೆ. ಕಿವಿ ಸೆಟೆದು ಹಿಂದಕ್ಕೆ ಹೋಗುತ್ತದೆ. ಕಣ್ಣಿನ ರೆಪ್ಪೆ ಬಿಗಿಯಾಗಿ ಅರ್ಧ ಮುಚ್ಚುತ್ತದೆ. ಕಣ್ಣಿನ ಮೇಲಿನ ಮೂಳೆ ಎದ್ದು ಕಾಣುತ್ತದೆ. ದವಡೆಯ ಸ್ನಾಯು ಉಬ್ಬುತ್ತದೆ. ತುಟಿ ಬಿಗಿದು ಗದ್ದ ಮುದ್ದೆಯಾಗುತ್ತದೆ. ಮೂಗಿನ ಹೊಳ್ಳೆ ಸೆಟೆಯುತ್ತದೆ. ಸವಾರಿ ಮಾಡುವಾಗ ನೋಡುವುದಕ್ಕೆ ಬ್ರಿಟನ್ನಿನ ಪಶುವೈದ್ಯೆ ಸ್ಯೂ ಡೈಸನ್ ಮತ್ತು ಅವರ ಜೊತೆಯವರು 24 ವರ್ತನೆಗಳ ಇನ್ನೊಂದು ಪಟ್ಟಿ ಮಾಡಿದ್ದಾರೆ. ಅದರಲ್ಲಿ ಎಂಟು ಅಥವಾ ಅದಕ್ಕಿಂತ ಜಾಸ್ತಿ ಕಂಡರೆ ಮೂಳೆ ಅಥವಾ ಸ್ನಾಯುವಿನ ನೋವು ಇರುವ ಸಾಧ್ಯತೆ ಹೆಚ್ಚು. ಯಾರ ಕೈಗೆ ಕುದುರೆ ಕೊಟ್ಟರೂ ನೀವು ಈ ಮುಖ ಓದುತ್ತಾ ನಿಂತಿರಿ.

ಸ್ಪೋರ್ಟ್ಸ್ ಮಸಾಜ್

ಇದು ಮನುಷ್ಯರ ಕ್ರೀಡೆಯಿಂದ ಕುದುರೆಗೆ ಬಂದದ್ದು. ಅಮೆರಿಕದ ಜ್ಯಾಕ್ ಮೀಗರ್ ಆಟಗಾರರಿಗೆ ಮಾಡುತ್ತಿದ್ದ ಮಸಾಜನ್ನು ಕುದುರೆಗಳಿಗೆ ಹೊಂದಿಸಿ ಹೆಸರು ಮಾಡಿದವರು. ಉದ್ದಕ್ಕೆ ನೀವುವುದು, ಹಿಟ್ಟಿನಂತೆ ನಾದುವುದು, ಸ್ನಾಯುವಿನ ಗಂಟಿನ ಮೇಲೆ ಬೆರಳು ಇಟ್ಟು ಹಿಡಿಯುವುದು, ಎಳೆಗಳಿಗೆ ಅಡ್ಡವಾಗಿ ಉಜ್ಜುವುದು, ಎಲ್ಲ ಇದರಲ್ಲಿ ಇದೆ. ಚೆನ್ನಾಗಿ ಕಲಿತವರು ಮೊದಲು ಹತ್ತು ನಿಮಿಷ ಬರೀ ನೀವಿ ಸ್ನಾಯು ಬೆಚ್ಚಗೆ ಮಾಡುತ್ತಾರೆ, ಆಮೇಲೆ ಆಳಕ್ಕೆ ಹೋಗುತ್ತಾರೆ. ಗಡಿಬಿಡಿಯಲ್ಲಿ ಬಂದ ತಕ್ಷಣ ಆಳಕ್ಕೆ ಒತ್ತುವವರಿಂದ ದೂರ ಇರಿ.

ಕೆಲಸದಲ್ಲಿರುವ ಕುದುರೆಗೆ, ಅಂದರೆ ರೇಸ್, ಜಂಪಿಂಗ್, ಎಂಡ್ಯೂರೆನ್ಸ್ (ದೂರದ ಓಟ) ಕುದುರೆಗೆ ಇದು ಚೆನ್ನಾಗಿ ಹೊಂದುತ್ತದೆ. ಯಾಕೆ ಅಂದರೆ ಕುದುರೆಗೆ ನಮ್ಮ ಹಾಗೆ ಎದೆಯಿಂದ ಹೆಗಲಿಗೆ ಅಡ್ಡ ಹೋಗುವ ಮೂಳೆ (ಕಾಲರ್ ಬೋನ್) ಇಲ್ಲ. ಮುಂಗಾಲುಗಳು ಎದೆಗೂಡಿಗೆ ಅಂಟಿಕೊಂಡಿರುವುದು ಬರೀ ಸ್ನಾಯು ಮತ್ತು ಪೊರೆಗಳಿಂದ. ಇಡೀ ಮುಂಭಾಗ ಒಂದು ಜೋಲಿಯಲ್ಲಿ ತೂಗಿದ ಹಾಗೆ. ನಿಂತಾಗಲೂ ಮೈಭಾರದಲ್ಲಿ ಸುಮಾರು ಶೇಕಡಾ 60 ಆ ಮುಂಗಾಲುಗಳ ಮೇಲೇ ಇರುತ್ತದೆ. ಓಡುವಾಗ ಆ ಜೋಲಿಯ ಸ್ನಾಯುಗಳಿಗೆ ಬೀಳುವ ಏಟು ಊಹಿಸಿಕೊಳ್ಳಿ. ಹೆಗಲ ಹಿಂದೆ, ಎದೆಯ ಮುಂದೆ, ಮುಂಗಾಲುಗಳ ನಡುವೆ ಮಾಡುವ ನಿಧಾನದ ಮಸಾಜ್ ಅಲ್ಲಿಗೇ ತಲುಪುತ್ತದೆ.

ಒಂದು ಮಾತನ್ನು ಮಾತ್ರ ನಂಬಬೇಡಿ. "ಮಸಾಜ್ ಮಾಡಿದರೆ ಲ್ಯಾಕ್ಟಿಕ್ ಆಸಿಡ್ ಹೊರಗೆ ಹೋಗುತ್ತದೆ, ವಿಷ ಇಳಿಯುತ್ತದೆ" ಅನ್ನುತ್ತಾರೆ. ಓಟದಲ್ಲಿ ಸೇರಿದ ಲ್ಯಾಕ್ಟಿಕ್ ಆಸಿಡ್ಡನ್ನು ಮೈಯೇ ಬೇಗ ಕರಗಿಸಿಕೊಳ್ಳುತ್ತದೆ, ಕುದುರೆಯನ್ನು ನಿಧಾನವಾಗಿ ನಡೆಸಿದರೆ ಇನ್ನೂ ಬೇಗ. ಮಾರನೇ ದಿನ ಬರುವ ಮಸಾಜಿನವರಿಗೆ ಹೊರಹಾಕಲು ಅದು ಉಳಿದಿರುವುದೇ ಇಲ್ಲ. ಮಸಾಜಿನಿಂದ ಲಾಭ ಇದೆ, ಅದಕ್ಕೆ ಸುಳ್ಳು ಕಾರಣ ಬೇಕಿಲ್ಲ. ಇನ್ನು ಎಣ್ಣೆ, ಮುಲಾಮುಗಳ ವಿಷಯ. ಸ್ಪರ್ಧೆಗೆ ಹೋಗುವ ಕುದುರೆಗೆ ಹಚ್ಚುವ ಮುಂಚೆ ಡಬ್ಬಿಯ ಮೇಲಿರುವುದನ್ನು ಓದಿ. ಮೆಣಸಿನಕಾಯಿಯ ಖಾರದ ಅಂಶ ಕ್ಯಾಪ್ಸೈಸಿನ್ ಅಂತರರಾಷ್ಟ್ರೀಯ ಸ್ಪರ್ಧೆಗಳಲ್ಲಿ ನಿಷೇಧ. 2008ರ ಒಲಿಂಪಿಕ್ಸಿನ ಕುದುರೆ ಸ್ಪರ್ಧೆಗಳು ಹಾಂಗ್‌ಕಾಂಗ್‌ನಲ್ಲಿ ನಡೆದಾಗ ಕೆಲವು ಕುದುರೆಗಳು ಅದಕ್ಕೇ ಸಿಕ್ಕಿಬಿದ್ದವು.

ಮಾಸ್ಟರ್‌ಸನ್ ಪದ್ಧತಿ: ಕೇಳುವ ಕೈ

ನನಗೆ ಮನಸ್ಸಿಗೆ ಹಿಡಿಸಿದ್ದು ಇದು. ಇದರ ಬಗ್ಗೆ ಸ್ವಲ್ಪ ಜಾಸ್ತಿಯೇ ಬರೆಯುತ್ತೇನೆ.

ಅಮೆರಿಕದ ಜಿಮ್ ಮಾಸ್ಟರ್‌ಸನ್ ಸ್ಪರ್ಧೆಯ ಕುದುರೆಗಳ ಜೊತೆ ಕೆಲಸ ಮಾಡುತ್ತಾ ಕಂಡುಕೊಂಡ ದಾರಿ ಇದು. ಅದರ ಮೂಲ ಯೋಚನೆ ಸುಲಭ. ನೀವು ಒತ್ತಿದರೆ ಕುದುರೆ ಎದುರು ಒತ್ತುತ್ತದೆ, ಇಲ್ಲವೇ ಬಿಗಿಹಿಡಿಯುತ್ತದೆ. ನೀವು ಎದುರಿಸಲು ಏನೂ ಕೊಡದಿದ್ದರೆ ಅದಕ್ಕೆ ಬಿಗಿಹಿಡಿಯಲು ಕಾರಣ ಉಳಿಯುವುದಿಲ್ಲ. ಹಾಗಾಗಿ ಕೈ ತುಂಬಾ ಹಗುರ. ಎಷ್ಟು ಹಗುರ ಅಂತ ಹೇಳಲು ಅವರು ಐದು ಮೆಟ್ಟಿಲು ಇಟ್ಟಿದ್ದಾರೆ. ಕೂದಲಿಗೂ ಕೈಗೂ ನಡುವೆ ಗಾಳಿ ಆಡುವಷ್ಟು, ಮೊಟ್ಟೆಯ ಹಳದಿ ಭಾಗವನ್ನು ಒಡೆಯದ ಹಾಗೆ ಒತ್ತಿದಷ್ಟು, ದ್ರಾಕ್ಷಿ ಒತ್ತಿದಷ್ಟು, ಮೆತ್ತನೆ ನಿಂಬೆಹಣ್ಣು, ಗಟ್ಟಿ ನಿಂಬೆಹಣ್ಣು. ಮನೆಯಲ್ಲೇ ಮೊಟ್ಟೆ ಒಡೆದು ತಟ್ಟೆಗೆ ಹಾಕಿ ಹಳದಿಯ ಮೇಲೆ ಬೆರಳು ಇಟ್ಟು ನೋಡಿ. ನಾವು ಹಗುರ ಅಂದುಕೊಂಡಿರುವುದು ಎಷ್ಟು ಭಾರ ಅಂತ ಗೊತ್ತಾಗುತ್ತದೆ.

ಗಮನ ಕೊಡುವ ಜಾಗಗಳು ಮುಖ್ಯವಾಗಿ ಮೂರು. ಕಿವಿಗಳ ಹಿಂದೆ ತಲೆ ಕುತ್ತಿಗೆಗೆ ಸೇರುವ ಕಡೆ, ಕುತ್ತಿಗೆ ಹೆಗಲಿಗೆ ಸೇರುವ ಕಡೆ, ಸೊಂಟ ಹಿಂಭಾಗಕ್ಕೆ ಸೇರುವ ಕಡೆ. ಮೈಯ ಭಾರಗಳೆಲ್ಲ ಕೂಡುವ ಗೇಟುಗಳು ಇವು. ಮೊದಲ ಪಾಠ ಮಾತ್ರ ಬೆನ್ನುಹುರಿಯ ಪಕ್ಕದ್ದು. ನೆತ್ತಿಯಿಂದ ಶುರುಮಾಡಿ, ಕುತ್ತಿಗೆಯ ಉದ್ದಕ್ಕೆ, ಬೆನ್ನಿನ ನಡುಗೆರೆಯಿಂದ ಒಂದು ಅಂಗೈ ಅಗಲ ಕೆಳಗೆ, ಹಿಂಗಾಲಿನ ಗೊರಸಿನವರೆಗೆ ಬೆರಳ ತುದಿ ನಿಧಾನವಾಗಿ ಎಳೆದುಕೊಂಡು ಹೋಗಬೇಕು. ಚೀನೀ ವೈದ್ಯದ ಒಂದು ದಾರಿಯೂ ಇಲ್ಲೇ ಹಾದುಹೋಗುತ್ತದೆ. ಬೆರಳು ಒಂದು ಜಾಗ ದಾಟುವಾಗ ಕುದುರೆ ಕಣ್ಣು ಮಿಟುಕಿಸಿದರೆ, ಅಲ್ಲೇ ನಿಲ್ಲಬೇಕು. ನಿಂತು ಕಾಯಬೇಕು. ಅಷ್ಟೇ.

ಆ "ಅಷ್ಟೇ" ಎಷ್ಟು ಕಷ್ಟ ಅಂತ ಜುಲೈ ತಿಂಗಳ ಒಂದು ಸಂಜೆ ಕಲಿತೆ. ತಗಡಿನ ಮಾಡಿನ ಮೇಲೆ ಮಳೆ ಸುರಿಯುತ್ತಿತ್ತು. ತುಂಗಿಯ ಬೆನ್ನಿನ ಮೇಲೆ, ಹಳೇ ಜೀನು ಚಿವುಟಿದ ಜಾಗದಿಂದ ನಾಲ್ಕು ಬೆರಳು ಹಿಂದೆ, ಅವಳು ಒಮ್ಮೆ ಕಣ್ಣು ಮಿಟುಕಿಸಿದಳು. ನಿಂತೆ. ಒಂದು ನಿಮಿಷ ಏನೂ ಆಗಲಿಲ್ಲ. ನನಗೇ ಗೊತ್ತಿಲ್ಲದೆ ಬೆರಳು ಸ್ವಲ್ಪ ಒತ್ತಿತು. ತುಂಗಿ ಮುಖ ಗೋಡೆ ಕಡೆ ತಿರುಗಿಸಿದಳು. ನಮ್ಮ ಲಾಯದ ಸಾಯಿಸ ಕಾಕಾ, ಅಥಣಿ ಕಡೆಯವರು, ಹುಲ್ಲು ಹಾಕುತ್ತಾ ನೋಡುತ್ತಿದ್ದರು. "ಅಕ್ಕಾರ, ಕೈ ಹಗುರ ಮಾಡ್ರಿ. ಅದು ಮಾತಾಡಾಕತ್ತೈತಿ, ನೀವು ನಡುವ ಬಾಯಿ ಹಾಕಬ್ಯಾಡ್ರಿ" ಅಂದರು. ಯಾವ ಕೋರ್ಸೂ ಮಾಡದ ಮನುಷ್ಯ ಒಂದೇ ಮಾತಿನಲ್ಲಿ ಇಡೀ ಪದ್ಧತಿ ಹೇಳಿಬಿಟ್ಟರು. ಕೈ ಕೂದಲಿನ ಮಟ್ಟಕ್ಕೆ ಎತ್ತಿದೆ. ಇನ್ನೂ ಎರಡು ನಿಮಿಷ ಹೋಯಿತು. ಅವಳ ಕೆಳತುಟಿ ನಡುಗಿತು. ತಲೆ ಇಳಿಯಿತು. ಆಮೇಲೆ ಬಾಯಿ ಪೂರ್ತಿ ತೆರೆದು ಆಕಳಿಸಿದಳು, ಒಂದಲ್ಲ, ನಾಲ್ಕು ಸಲ, ಕಣ್ಣು ಮೇಲಕ್ಕೆ ಹೋಗಿ ಬಿಳಿ ಕಾಣುವ ಹಾಗೆ. ಕೊನೆಗೆ ನೆತ್ತಿಯಿಂದ ಬಾಲದವರೆಗೆ ಒಮ್ಮೆ ಮೈ ಕೊಡವಿದಳು.

ನಾಲಿಗೆ ಸವರುವುದು, ಜಗಿಯುವುದು, ಆಕಳಿಕೆ, ಉಸಿರು ಬಿಡುವುದು, ಮೈ ಕೊಡವುವುದು ಇವನ್ನೆಲ್ಲ ಈ ಪದ್ಧತಿಯಲ್ಲಿ ಬಿಗಿತ ಬಿಟ್ಟ ಗುರುತುಗಳು ಅಂತ ಓದುತ್ತಾರೆ. ನನ್ನ ಅನುಭವದಲ್ಲಿ ಇದು ಬಹಳ ಮಟ್ಟಿಗೆ ಸರಿ. ಆದರೂ ಒಂದು ಎಚ್ಚರಿಕೆ ಇದೆ. ಹೊಟ್ಟೆನೋವಿರುವ ಕುದುರೆಯೂ ಆಕಳಿಸುತ್ತದೆ, ಭಯ ಇಳಿದ ಕುದುರೆಯೂ ನಾಲಿಗೆ ಸವರುತ್ತದೆ. ಹಾಗಾಗಿ ಒಂದು ಗುರುತು ಸಾಲದು. ತಲೆ ಇಳಿಯಿತಾ, ಕಣ್ಣು ಮೆತ್ತಗಾಯಿತಾ, ಅದೇ ಜಾಗ ಮಾರನೇ ದಿನ ಮುಟ್ಟಿದರೆ ಹೇಗಿದೆ, ಎಲ್ಲ ಸೇರಿಸಿ ನೋಡಬೇಕು. ತುಂಗಿಯ ವಿಷಯದಲ್ಲಿ ಮೂರು ವಾರ ದಿನ ಬಿಟ್ಟು ದಿನ ಮಾಡಿದ ಮೇಲೆ ಜೀನು ತಂದರೆ ಬೆನ್ನು ಬಿಗಿಯುವುದು ನಿಂತಿತು. ಪಟ್ಟಿ ಬಿಗಿಯುವಾಗ ಕಿವಿ ಮುಂದೆಯೇ ಇರುತ್ತದೆ.

ಇದರ ಲಾಭ ಏನು ಅಂದರೆ ಕುದುರೆಗೆ "ಬೇಡ" ಅನ್ನುವ ಅವಕಾಶ ಪ್ರತಿ ಕ್ಷಣ ಇರುತ್ತದೆ. ಮಾಲೀಕರೇ ಕಲಿತು ಮಾಡಬಹುದು. ತಪ್ಪಾದರೂ ಹಾನಿ ಕಡಿಮೆ. ನಷ್ಟ ಅಂದರೆ ಸಮಯ. ಬೆಳಗ್ಗೆ ಹತ್ತು ಕುದುರೆ ತಯಾರು ಮಾಡಬೇಕಾದ ಲಾಯದಲ್ಲಿ ಒಂದು ಕುದುರೆಗೆ ಮುಕ್ಕಾಲು ಗಂಟೆ ಯಾರು ಕೊಡುತ್ತಾರೆ ಹೇಳಿ? ಗದ್ದಲದ ಜಾಗದಲ್ಲಂತೂ ಆಗುವುದೇ ಇಲ್ಲ.

ಟಿ-ಟಚ್, ಆಕ್ಯುಪ್ರೆಶರ್

ಲಿಂಡಾ ಟೆಲ್ಲಿಂಗ್ಟನ್-ಜೋನ್ಸ್ ಬೆಳೆಸಿದ ಟಿ-ಟಚ್‌ನಲ್ಲಿ ಚರ್ಮವನ್ನು ಬೆರಳಿನಿಂದ ಒಂದೂಕಾಲು ಸುತ್ತು ತಿರುಗಿಸಿ, ಬಿಟ್ಟು, ಪಕ್ಕಕ್ಕೆ ಹೋಗುತ್ತಾರೆ. ಗಡಿಯಾರದ ಆರು ಗಂಟೆಯಿಂದ ಹೊರಟು ಪೂರ್ತಿ ಸುತ್ತಿ ಒಂಬತ್ತರವರೆಗೆ ಅಂದುಕೊಳ್ಳಿ. ಸ್ನಾಯು ಸಡಿಲಿಸುವುದಕ್ಕಿಂತ ಹೆದರಿದ ಕುದುರೆಗೆ ಧೈರ್ಯ ಕೊಡುವುದಕ್ಕೆ ಇದು ಒಳ್ಳೆಯದು. ಮುಟ್ಟಿದರೆ ಜಿಗಿಯುವ, ಕಿವಿ ಹಿಡಿಯಲು ಬಿಡದ ಕುದುರೆಗೆ ಇಲ್ಲಿಂದ ಶುರುಮಾಡಿ. ಮಕ್ಕಳಿಗೂ ಕಲಿಸಬಹುದು.

ಆಕ್ಯುಪ್ರೆಶರ್ ಬಗ್ಗೆ ನನಗೆ ಅಷ್ಟು ನಂಬಿಕೆ ಬಂದಿಲ್ಲ. ಬಿಂದುಗಳ ನಕ್ಷೆ ನೋಡುತ್ತಾ ಕೆಲಸ ಮಾಡುವವರು ಕುದುರೆಯ ಮುಖ ನೋಡುವುದು ಮರೆಯುತ್ತಾರೆ. ಬಿಂದು ಸಿಗಲಿ ಬಿಡಲಿ, ನಿಧಾನದ ಕೈಯಿಂದ ಕುದುರೆಗೆ ಹಿತ ಸಿಗುತ್ತದೆ ಅನ್ನುವುದು ಬೇರೆ ಮಾತು. 1993ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಕುದುರೆಗಳು ಒಂದಕ್ಕೊಂದು ಹಲ್ಲಿನಿಂದ ಕೆರೆದುಕೊಳ್ಳುವ ಜಾಗವನ್ನು, ಅಂದರೆ ಕುತ್ತಿಗೆಯ ಬುಡ, ಹೆಗಲ ಉಬ್ಬಿನ ಹತ್ತಿರ, ಮನುಷ್ಯರು ಕೆರೆದಾಗಲೂ ಎದೆಬಡಿತ ಇಳಿದದ್ದು ಕಂಡುಬಂತು. ಕುದುರೆಯ ಮುಖ ತಟ್ಟುವ ಅಭ್ಯಾಸ ಇರುವವರು ಅದನ್ನು ಬಿಟ್ಟು ಈ ಜಾಗ ಕೆರೆಯಿರಿ. ಮೇಲ್ತುಟಿ ಉದ್ದವಾಗಿ ಅಲ್ಲಾಡುವುದು ನೀವೇ ನೋಡುತ್ತೀರಿ.

ಬೆನ್ನೆಲುಬಿನ ಚಿಕಿತ್ಸೆ

ಕೈರೋಪ್ರ್ಯಾಕ್ಟಿಕ್ ಅನ್ನುವುದು ಕೀಲಿಗೆ ಸಣ್ಣದಾಗಿ, ಬಹಳ ವೇಗವಾಗಿ ಒಂದು ಒತ್ತು ಕೊಡುವ ವಿದ್ಯೆ. "ಎಲುಬು ಜಾರಿದೆ, ಕೂರಿಸುತ್ತೇನೆ" ಅಂತ ಯಾರಾದರೂ ಹೇಳಿದರೆ ಅವರಿಗೆ ವಿದ್ಯೆ ಗೊತ್ತಿಲ್ಲ ಅಂತಲೇ ತಿಳಿಯಿರಿ. ಕುದುರೆಯ ಕುತ್ತಿಗೆಯಲ್ಲಿ 7, ಎದೆಭಾಗದಲ್ಲಿ 18, ಸೊಂಟದಲ್ಲಿ ಸಾಮಾನ್ಯವಾಗಿ 6 ಎಲುಬು ಇರುತ್ತವೆ. ಅವನ್ನು ಅಂಗೈ ದಪ್ಪದ ಸ್ನಾಯುಗಳು, ಗಟ್ಟಿ ಹುರಿಗಳು ಬಿಗಿದು ಹಿಡಿದಿರುತ್ತವೆ. ಕೈಯಿಂದ ಎಲುಬು ಅತ್ತಿತ್ತ ಸರಿಸುವುದು ಆಗದ ಮಾತು. ಆಗುವುದು ಬೇರೆ. ಕೀಲಿನ ಚಲನೆ ಸ್ವಲ್ಪ ಹೆಚ್ಚಬಹುದು, ನರಗಳ ಮೂಲಕ ಸುತ್ತಲಿನ ಸ್ನಾಯು ಸಡಿಲಿಸಬಹುದು.

ಕೆಲಸ ಮಾಡುತ್ತದಾ? 2008ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಬೆನ್ನಿನ ಮೇಲೆ ಎಷ್ಟು ಒತ್ತಿದರೆ ಕುದುರೆ ನೋವು ತೋರಿಸುತ್ತದೆ ಅಂತ ಅಳೆದರು. ಕೈರೋಪ್ರ್ಯಾಕ್ಟಿಕ್ ಮಾಡಿದ ಕುದುರೆಗಳಲ್ಲೂ ಮಸಾಜ್ ಮಾಡಿದ ಕುದುರೆಗಳಲ್ಲೂ ವಾರದ ಹೊತ್ತಿಗೆ ಆ ಸಹನೆ ಏರಿತ್ತು. ಆದರೆ ಆ ಕುದುರೆಗಳಿಗೆ ಮೊದಲೇ ಬೆನ್ನುನೋವು ಇರಲಿಲ್ಲ, ಇದು ನೆನಪಿರಲಿ. ನನ್ನ ತೀರ್ಮಾನ ಇಷ್ಟು. ಇದು ತಪ್ಪಾದರೆ ಹಾನಿ ದೊಡ್ಡದು. ಜೀನಿನ ಕೆಳಗಿನ ಎಲುಬುಗಳ ತುದಿಗಳು ಒಂದಕ್ಕೊಂದು ತಾಗುವ ಕಾಯಿಲೆ ಇದ್ದರೆ ಅದು ಎಕ್ಸ್‌ರೇ ಇಲ್ಲದೆ ಗೊತ್ತಾಗುವುದಿಲ್ಲ. ಹಾಗಾಗಿ ಪಶುವೈದ್ಯರೇ ಆಗಿದ್ದು ಈ ವಿದ್ಯೆ ಕಲಿತವರಿಂದ ಮಾತ್ರ, ಪರೀಕ್ಷೆ ಆದ ಮೇಲೆ ಮಾತ್ರ ಮಾಡಿಸಿ. ನಮ್ಮ ದೇಶದಲ್ಲಿ 1984ರ ಪಶುವೈದ್ಯ ಪರಿಷತ್ ಕಾಯ್ದೆ ಪ್ರಕಾರ ಪ್ರಾಣಿಗಳಿಗೆ ವೈದ್ಯ ಮಾಡುವ ಅಧಿಕಾರ ಇರುವುದು ನೋಂದಾಯಿತ ಪಶುವೈದ್ಯರಿಗೆ. ಸುತ್ತಿಗೆ, ಮರದ ತುಂಡು ಹಿಡಿದು ಬಂದವರನ್ನು ಗೇಟಿನಿಂದಲೇ ಕಳಿಸಿ. ಕಾಲು ಹಿಡಿದು ಜಗ್ಗುವವರನ್ನೂ ಅಷ್ಟೇ.

ಗಜ್ಜರಿ ಹಿಡಿದು ಮಾಡಿಸುವ ವ್ಯಾಯಾಮ

ಇದನ್ನು ಬಹಳ ಜನ ಲೆಕ್ಕಕ್ಕೇ ಹಿಡಿಯುವುದಿಲ್ಲ. ಅದೇ ನನಗೆ ಬೇಸರ. ಕೈಚಿಕಿತ್ಸೆ ಬಿಗಿತ ಬಿಡಿಸುತ್ತದೆ, ಆದರೆ ಬೆನ್ನು ಹೊರುವ ಶಕ್ತಿ ಕೊಡುವುದಿಲ್ಲ. ಆ ಶಕ್ತಿ ಬರುವುದು ಕುದುರೆ ತಾನಾಗಿ ಮೈ ಬಳಸಿದಾಗ. ಒಂದು ಗಜ್ಜರಿ (ಕ್ಯಾರೆಟ್) ಹಿಡಿದು ಕುದುರೆಯ ಮೂತಿಯನ್ನು ಮೊದಲು ಎದೆಗೆ, ಆಮೇಲೆ ಮುಂಗಾಲುಗಳ ನಡುವೆ, ಆಮೇಲೆ ಎಡಪಕ್ಕೆಗೆ, ಬಲಪಕ್ಕೆಗೆ ಕರೆದೊಯ್ಯಿರಿ. ಪ್ರತಿ ಸಲ ಕೆಲವು ಸೆಕೆಂಡು ಅಲ್ಲೇ ನಿಲ್ಲಿಸಿ ಕೊಡಿ. ಕಸಿದುಕೊಳ್ಳಲು ಬಿಡಬೇಡಿ. 2011ರ ಒಂದು ಅಧ್ಯಯನದಲ್ಲಿ ವಾರಕ್ಕೆ 5 ದಿನದಂತೆ 3 ತಿಂಗಳು ಇದನ್ನು ಮಾಡಿಸಿದಾಗ ಬೆನ್ನೆಲುಬಿಗೆ ಅಂಟಿಕೊಂಡಿರುವ ಆಳದ ಸ್ನಾಯು ದಪ್ಪಗಾದದ್ದು ಸ್ಕ್ಯಾನಿನಲ್ಲಿ ಕಾಣಿಸಿತು. ದುಡ್ಡು? ದಿನಕ್ಕೆ ಎರಡು ಗಜ್ಜರಿ. ಚಳಿಗಾಲದಲ್ಲಿ ಪುಣೆ ಮಂಡಿಯಲ್ಲಿ ಕೆಂಪು ಗಜ್ಜರಿ ಬಂದಾಗ ತುಂಗಿಯ ವ್ಯಾಯಾಮ ಒಂದು ದಿನವೂ ತಪ್ಪುವುದಿಲ್ಲ. ಕುತ್ತಿಗೆ ಎಲುಬಿನ ಕಾಯಿಲೆ ಇರುವ ಕುದುರೆಗೆ ಮಾತ್ರ ಡಾಕ್ಟರನ್ನು ಕೇಳದೆ ಮಾಡಿಸಬೇಡಿ.

ನಿಮ್ಮ ಕುದುರೆಗೆ ಯಾವುದು?

ರೇಸ್ ತಯಾರಿಯಲ್ಲಿರುವ ಕುದುರೆಗೆ ಸಾಯಿಸರ ದಿನದ ಕೈ, ವಾರಕ್ಕೋ ಹದಿನೈದು ದಿನಕ್ಕೋ ಒಮ್ಮೆ ಸ್ಪೋರ್ಟ್ಸ್ ಮಸಾಜ್. ಓಟದ ಹಿಂದಿನ ದಿನ ಆಳದ ಮಸಾಜ್ ಬೇಡ. ರೇಸ್ ಬಿಟ್ಟು ಬಂದ ಕುದುರೆಗೆ ಮೊದಲ ಎರಡು ತಿಂಗಳು ಹಗುರ ಕೈ ಮಾತ್ರ. ಅದಕ್ಕೆ ಮನುಷ್ಯರ ಕೈ ಅಂದರೆ ಏನೋ ಕೆಲಸ ಅಂತಲೇ ಗೊತ್ತು. ಕೈ ಸುಮ್ನೆ ಇರಬಹುದು ಅಂತ ಅದು ಕಲಿಯಬೇಕು. ವಯಸ್ಸಾದ, ಸಂಧಿವಾತದ ಕುದುರೆಗೂ ಹಗುರ ಕೈಯೇ, ಜೊತೆಗೆ ಡಾಕ್ಟರ್ ಕೊಟ್ಟ ಔಷಧ. ಮಸಾಜ್ ಆಗುತ್ತಿದೆ ಅಂತ ಔಷಧ ನಿಲ್ಲಿಸುವುದು ಅನ್ಯಾಯ.

ರೈಡಿಂಗ್ ಸ್ಕೂಲಿನ ಕುದುರೆಗಳ ಪಾಡು ಬೇರೆ. ದಿನಕ್ಕೆ ಹಲವು ಜನ ಹತ್ತುತ್ತಾರೆ, ಪ್ರತಿಯೊಬ್ಬರೂ ಬೇರೆ ಬೇರೆ ರೀತಿ ವಾಲುತ್ತಾರೆ. ಅದಕ್ಕೆ ಬೇಕಾದದ್ದು ಮೊದಲು ಸರಿಯಾದ ಜೀನು, ರಜೆಯ ದಿನ, ಆಮೇಲೆ ಕೈ. ನಿಮ್ಮ ಮಗು ಕ್ಲಾಸಿಗೆ ಹೋಗುತ್ತಿದ್ದರೆ ಇಳಿದ ಮೇಲೆ ಐದು ನಿಮಿಷ ಹೆಗಲ ಉಬ್ಬು ಕೆರೆದು ಬರಲು ಹೇಳಿ. ಮಾಥೇರಾನಿನಲ್ಲಿ ದಸ್ತೂರಿ ನಾಕಾದಿಂದ ಮೇಲೆ ಕಾರು ಹೋಗುವುದಿಲ್ಲ. "ಕುದುರೆ ಕಂಡರೆ ಕಾಲು ನೋವು" ಅನ್ನುವ ನಮ್ಮ ಗಾದೆ ಅಲ್ಲಿ ಪ್ರತಿ ಭಾನುವಾರ ನಿಜವಾಗುತ್ತದೆ. ಆ ಕೆಂಪು ಮಣ್ಣಿನ ಏರಿನಲ್ಲಿ ದುಡಿಯುವ ಕುದುರೆಯ ಮಾಲೀಕರಿಗೆ ಮಸಾಜಿನವರನ್ನು ಕರೆಸುವಷ್ಟು ದುಡ್ಡು ಇರುವುದಿಲ್ಲ. ಅವರಿಗೆ ನಾನು ಹೇಳುವುದು ಮೂರೇ ಮಾತು. ಜೀನಿನ ಕೆಳಗಿನ ಕಂಬಳಿ ಒಣಗಿರಲಿ, ಮಡಿಕೆ ಇಲ್ಲದಿರಲಿ. ಸಂಜೆ ಜೀನು ಇಳಿಸಿದ ಮೇಲೆ ಬೆನ್ನಿನ ಮೇಲೆ ಅಂಗೈ ಆಡಿಸಿ ಬಿಸಿ ನೋಡಿ. ಬಿಸಿ ಇದ್ದರೆ ನಾಳೆ ಆ ಕುದುರೆಗೆ ರಜೆ.

ಇನ್ನೊಂದು ಸಂದರ್ಭ ನಮ್ಮ ಕಡೆಯದ್ದೇ. ಪುಣೆಯಲ್ಲಿ ರೇಸ್ ನಡೆಯುವುದು ಮಳೆಗಾಲದಲ್ಲಿ, ಮುಂಬೈಯ ಮಹಾಲಕ್ಷ್ಮಿಯಲ್ಲಿ ಚಳಿಗಾಲದಲ್ಲಿ. ಹಾಗಾಗಿ ಕುದುರೆಗಳು ಗಾಡಿಯಲ್ಲಿ ಖಂಡಾಲಾ ಘಾಟಿ ಹತ್ತಿ ಇಳಿಯುತ್ತಲೇ ಇರುತ್ತವೆ. ಪ್ರತಿ ತಿರುವಿನಲ್ಲೂ ಕುದುರೆ ನಾಲ್ಕೂ ಕಾಲು ಊರಿ ಮೈ ಬಿಗಿಹಿಡಿಯುತ್ತದೆ. ಇಳಿಸಿದ ತಕ್ಷಣ ಮಸಾಜ್ ಬೇಡ. ನೀರು ಕೊಡಿ, ಹುಲ್ಲನ್ನು ನೆಲದ ಮೇಲೆ ಹಾಕಿ. ತಲೆ ಮೇಲೆ ಕಟ್ಟಿಸಿಕೊಂಡು ಬಂದ ಕುದುರೆ ತಲೆ ಇಳಿಸಿದರೆ ಶ್ವಾಸನಾಳದಲ್ಲಿ ಕೂತ ಕಫ, ಧೂಳು ಹೊರಗೆ ಬರುತ್ತದೆ, ಕುತ್ತಿಗೆಯೂ ತಾನಾಗಿ ಸಡಿಲಿಸುತ್ತದೆ. ಇಪ್ಪತ್ತು ನಿಮಿಷ ನಡೆಸಿ. ಮೈ ಬಿಸಿ ನೋಡಿ ಬರೆದಿಡಿ. ಮಾರನೇ ದಿನ ಜ್ವರ ಇಲ್ಲದಿದ್ದರೆ ಆಗ ಕೈ ಇಡಿ, ಹಿಂಭಾಗದಿಂದ ಶುರುಮಾಡಿ.

ಯಾರನ್ನಾದರೂ ಕರೆಸುವ ಮುಂಚೆ ಫೋನಿನಲ್ಲೇ ಮೂರು ಪ್ರಶ್ನೆ ಕೇಳುತ್ತೇನೆ. ಡಾಕ್ಟರ್ ಏನು ಹೇಳಿದ್ದಾರೆ ಅಂತ ಅವರು ನನ್ನನ್ನು ಕೇಳುತ್ತಾರಾ ಅಂತ ಕಾಯುತ್ತೇನೆ. ಕೇಳದಿದ್ದರೆ, ಯಾವ ಕುದುರೆಗೆ ನೀವು ಕೈ ಹಾಕುವುದಿಲ್ಲ ಅಂತ ಕೇಳುತ್ತೇನೆ. "ಎಲ್ಲಕ್ಕೂ ಮಾಡ್ತೀನಿ" ಅಂದರೆ ಫೋನ್ ಇಡುತ್ತೇನೆ. ಎರಡನೆಯದು, ಕುದುರೆ ಬೇಡ ಅಂದಾಗ ಏನು ಮಾಡುತ್ತೀರಿ? ಮೂರನೆಯದು, ಎಷ್ಟು ಸಲ ಬರಬೇಕಾಗುತ್ತದೆ? ಮೂರು ಸಲದಲ್ಲಿ ವ್ಯತ್ಯಾಸ ಕಾಣದಿದ್ದರೆ ಮತ್ತೆ ಡಾಕ್ಟರಿಗೆ ತೋರಿಸಿ ಅನ್ನುವವರನ್ನು ನಂಬುತ್ತೇನೆ. ಅಂಥವರು ಬಂದಾಗ ಕಾಕಾನನ್ನೂ ಪಕ್ಕದಲ್ಲಿ ನಿಲ್ಲಿಸಿಕೊಳ್ಳುತ್ತೇನೆ. ತುಂಗಿಯ ಕಿವಿ ನನಗಿಂತ ಮುಂಚೆ ಅವರಿಗೆ ಕಾಣುತ್ತದೆ.